ಬಿಚ್ಚಿ ಕಟ್ಟಿದ ಕಡ್ಡಿಗಳು

ಪಿರಿಯಾಪಟ್ಟಣ ತಾಲ್ಲೂಕು,
೨೧ ಆಗಸ್ಟ್ ೨೦೨೪

ಬೀಚನಹಳ್ಳಿಯ ಅಕ್ಕನ ಮನೆ ಸೇರಿರುವ ನನ್ನ ಯಜಮಾನರಿಗೆ, ಮಂಗಳಾ ಮಾಡುವ ನಮಸ್ಕಾರಗಳು.

ಫೋನ್ ಬಿಟ್ಟು ಇದೇನು ಕಾಗದ ಅಂದುಕೊಳ್ಳಬೇಡಿ. ಸ್ಟ್ರೋಕ್ ಆದಮೇಲೆ ಫೋನಿನಲ್ಲಿ ನನ್ನ ಮಾತು ಕುಡಿದವರ ಮಾತಿನಂತೆ ಕೇಳಿಸುತ್ತದೆಯಂತೆ. ಮೊದಲೇ ಜಗಳಗಂಟಿ ಅನ್ನಿಸಿಕೊಂಡವಳು, ಇನ್ನು ಕುಡುಕಿ ಅಂತಲೂ ಅನ್ನಿಸಿಕೊಳ್ಳಲೇ? ಅಕ್ಷರಗಳು ಗೆರೆ ಬಿಟ್ಟು ಓಡುತ್ತವೆ, ನಿಧಾನವಾಗಿ ಓದಿ.

ಪುಟ್ಟಮಲ್ಲಪ್ಪನವರ ಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಆದದ್ದನ್ನು ನಿಮಗೆ ನಾನು ಸರಿಯಾಗಿ ಹೇಳಲೇ ಇಲ್ಲ, ಬಂದವಳೇ ಬೈದೆ. ನಮ್ಮ ಹೊಗೆಸೊಪ್ಪು ಕಟ್ಟಲು ಅವರ ಮನೆಯವರು ಬಂದಿದ್ದರು, ಮುಯ್ಯಿಗೆ ನಾನು ಅವರಲ್ಲಿಗೆ ಹೋಗಲೇಬೇಕಿತ್ತು. ಇಪ್ಪತ್ತು ವರ್ಷ ಸೊಪ್ಪು ಕಟ್ಟಿದ ಕೈ ಇದು. ಕಡ್ಡಿಯ ಆ ಕಡೆ ಈ ಕಡೆ ಎಲೆ ಇಟ್ಟು ದಾರ ಸುತ್ತುವಾಗ ನಾನು ಕೈಯ ಕಡೆ ನೋಡುತ್ತಲೂ ಇರಲಿಲ್ಲ, ಊರಿನ ಸುದ್ದಿಯೆಲ್ಲ ಬಾಯಲ್ಲಿರುತ್ತಿತ್ತು. ಸ್ಟ್ರೋಕ್ ಬಂದಮೇಲೆ ಅದೇ ಕೈ ಎಲೆಯನ್ನು ದಾಟಿ ಆಚೆ ಹೋಗತೊಡಗಿತು. ಆದರೂ ತಿಂಗಳಿಂದ ನಮ್ಮ ಮನೆಯಲ್ಲಿ ನಾನು ಕಟ್ಟಿದ ಒಂದು ಕಡ್ಡಿಯೂ ಸಡಿಲವಾಗಿರಲಿಲ್ಲ. ವಾಸಿಯಾಯಿತು ಅಂತ ನನಗೆ ಜಂಬವೋ ಜಂಬ.

ಅವರಲ್ಲಿ ಕಡ್ಡಿ ಎತ್ತಿದ ಕೂಡಲೇ ನನ್ನ ಎಲೆಗಳೆಲ್ಲ ಉದುರಿದವು. ಬೆಂಕಿ ಆಕಿದ್ಮೇಲೆ ಉದುರಿದ್ರೆ ಬ್ಯಾರನ್ನೇ ಸುಟ್ಟೋಯ್ತದೆ ಕಣವ್ವಾ, ನೀನು ಕುಂತ್ಕೊ ಬುಡು ಅಂದರು ಪುಟ್ಟಮಲ್ಲಪ್ಪನವರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಿಮ್ಮೆಜಮಾನ್ರು ದಿನಾ ನೀವು ಒಳಕ್ಕೋದ್ಮೇಲೆ ಬಿಚ್ಚಿ ಕಟ್ತಿದ್ರಲ್ಲಕ್ಕ ಅಂದಳು ಅವರ ಸೊಸೆ. ಊರಿಗೆಲ್ಲ ಗೊತ್ತು, ನನಗೊಬ್ಬಳಿಗೇ ಗೊತ್ತಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾರನೆಯ ದಿನ ಹುಣಸೂರಿಗೆ ಹೋಗಿ, ನನಗೆ ಕೈಯ ವ್ಯಾಯಾಮ ಮಾಡಿಸುವ ಮೀನಾ ಮೇಡಂ ಮುಂದೆ ಅತ್ತೆ. ಅವರು ಚಿತ್ರ ಬರೆದು ತೋರಿಸಿದರು. ತಲೆಯ ಹಿಂದೆ ಕೆಳಗಡೆ ಕಿರುಮೆದುಳು ಅಂತ ಇದೆಯಂತೆ. ಕೈಯ ಲೆಕ್ಕಾಚಾರವೆಲ್ಲ ಅದರದ್ದು. ಅದರಲ್ಲಿ ನರಕೋಶಗಳು ಒಂದಕ್ಕೊಂದು ಸುದ್ದಿ ಕೊಡುವ ಕೋಟಿಗಟ್ಟಲೆ ಕೂಡುಜಾಗಗಳಿವೆಯಂತೆ. ಕೈ ತಪ್ಪಿದರೆ ತಪ್ಪಿದ ಸುದ್ದಿ ಅಲ್ಲಿಗೆ ಮುಟ್ಟುತ್ತದೆ. ಆ ತಪ್ಪಿಗೆ ಕಾರಣವಾದ ಕೂಡುಜಾಗ ಸ್ವಲ್ಪ ಸಡಿಲವಾಗುತ್ತದೆ. ಹೀಗೆ ಸಾವಿರ ಸಲ ತಪ್ಪಿದ ಮೇಲೆ ಕೈ ಸರಿದಾರಿಗೆ ಬರುತ್ತದೆ. ತಪ್ಪೇ ಕಾಣದಿದ್ದರೆ ಅದು ಏನನ್ನು ಕಲಿಯಬೇಕು ಹೇಳಿ? ನೀವು ಪ್ರೀತಿಯಿಂದಲೇ ಮಾಡಿದಿರಿ, ಗೊತ್ತು. ಆದರೆ ನನ್ನ ಒಂದು ತಿಂಗಳ ಪಾಠವನ್ನೆಲ್ಲ ಬಿಚ್ಚಿ ಹಾಕಿದಿರಿ.

ಗಂಡ ಹತ್ತಿರವಿದ್ದರೆ ಕೈ ಕಲಿಯುವುದಿಲ್ಲ, ಕಳಿಸಿಬಿಡು ಅಂದರು ಮೇಡಂ ಅಂತ ಹೇಳಿ ನಾನೇ ನಿಮ್ಮ ಬಟ್ಟೆ ಚೀಲಕ್ಕೆ ತುಂಬಿದೆ. ನೀವು ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ನಡೆದೇಬಿಟ್ಟಿರಿ. ಜಗಳಕ್ಕಾದರೂ ನಿಲ್ಲಬಾರದಿತ್ತೇ?

ನಮ್ಮ ಬೆಳೆಯನ್ನು ನಿಮ್ಮ ತಮ್ಮ ನೋಡಿಕೊಳ್ಳುತ್ತಿದ್ದಾನೆ. ನಾನು ಜಗುಲಿಯಲ್ಲಿ ಕೂತು ಬೇಡವಾದ ಎಲೆಗಳನ್ನು ಕಟ್ಟುತ್ತೇನೆ, ಎತ್ತುತ್ತೇನೆ, ಉದುರುತ್ತವೆ, ಮತ್ತೆ ಕಟ್ಟುತ್ತೇನೆ. ಹತ್ತೊಂಬತ್ತು ದಿನವಾಯಿತು. ಅನ್ನಕ್ಕೆ ಕೂತರೆ ಎದುರಿಗೆ ಯಾರೂ ಇಲ್ಲ. ಬೈಯಬೇಕು ಅನ್ನಿಸಿದರೂ ಕೇಳುವವರಿಲ್ಲ. ನಿನ್ನೆ ಒಂದು ಕಡ್ಡಿ ಎತ್ತಿದಾಗ ಒಂದೆಲೆಯೂ ಬೀಳಲಿಲ್ಲ. ನೋಡ್ರೀ ಇಲ್ಲಿ ಅಂತ ಕೂಗಿಯೇಬಿಟ್ಟೆ. ಆಮೇಲೆ ಆ ಕಡ್ಡಿಯನ್ನು ಬಿಚ್ಚದೆ ಗೋಡೆಗೆ ಒರಗಿಸಿಟ್ಟೆ.

ನನ್ನ ಚಿಂತೆ ಮಾಡಬೇಡಿ, ಚೆನ್ನಾಗಿದ್ದೇನೆ. ಅಕ್ಕನವರ ಮನೆಯಲ್ಲಿ ಇನ್ನಷ್ಟು ದಿನ ಆರಾಮವಾಗಿರಿ.

ಇಂತಿ ನಿಮ್ಮ,
ಮಂಗಳಾ

ತಾ.ಕ.: ಮೇಡಂ ನಿಮ್ಮನ್ನು ಕಳಿಸು ಅನ್ನಲೇ ಇಲ್ಲ. ಯಜಮಾನರು ಕಡ್ಡಿ ಮುಟ್ಟಬಾರದು, ಆದರೆ ಪಕ್ಕದಲ್ಲೇ ಕೂತಿರಬೇಕು ಅಂದಿದ್ದರು. ಅದನ್ನು ನಾನು ನುಂಗಿಕೊಂಡೆ. ನನ್ನ ಕೈ ಸೋಲುವುದನ್ನು ನೀವು ನೋಡುತ್ತಾ ಕೂರುವುದನ್ನು ನನ್ನಿಂದ ಸಹಿಸಲು ಆಗುತ್ತಿರಲಿಲ್ಲ. ಈಗ ಸಾವಿರ ಸಲ ಸೋತರೂ ನೋಡಿ, ನಾಚಿಕೆಯಿಲ್ಲ. ಬೆಳಗಿನ ಬಸ್ಸಿಗೇ ಬನ್ನಿ.