ತಿರುವಿನ ಬೆಂಚು ಎಲ್ಲಿಗೆ ಹೋಯಿತು?

ಉದ್ಯಾನಗಳ ಮೇಲಧಿಕಾರಿಗಳಾದ ಮಾನ್ಯರೇ,

ನಮ್ಮ ಬಡಾವಣೆಯ ಪಾರ್ಕಿನಲ್ಲಿದ್ದ ಬೆಂಚುಗಳನ್ನೆಲ್ಲ ತಾವು ಕೀಳಿಸಿದ್ದೀರಿ. ಅವನ್ನು ವಾಪಸು ಹಾಕಿಸಿ. ಪತ್ರದ ಸಾರ ಇಷ್ಟೇ. ಬಿಡುವಿಲ್ಲದಿದ್ದರೆ ಇಲ್ಲಿಗೇ ಓದು ನಿಲ್ಲಿಸಿ ಆದೇಶ ಹೊರಡಿಸಬಹುದು. ಬಿಡುವಿದ್ದರೆ ಮುಂದೆ ಓದಿ, ಆದರೆ ದಯವಿಟ್ಟು ನಿಂತುಕೊಂಡು ಓದಿ. ನಾನು ಹೇಳಹೊರಟಿದ್ದು ಬೇಗ ಅರ್ಥವಾಗುತ್ತದೆ.

ಗೇಟಿನಲ್ಲಿ ತಾವು ಹಾಕಿಸಿದ ಹೊಸ ಫಲಕವನ್ನು ಬಾಯಿಪಾಠ ಮಾಡಿದ್ದೇನೆ. ಇದು ನಡೆಯುವವರ ಉದ್ಯಾನ. ಇಲ್ಲಿ ಕೂರುವಂತಿಲ್ಲ, ನಿಲ್ಲುವಂತಿಲ್ಲ, ಬಾಣದ ಗುರುತಿಗೆ ಎದುರಾಗಿ ನಡೆಯುವಂತಿಲ್ಲ. ಬೆಂಚಿದ್ದರೆ ಜನ ಕೂತು ಹರಟುತ್ತಾರೆ, ಸೋಮಾರಿಗಳಾಗುತ್ತಾರೆ, ನಗರದ ಆರೋಗ್ಯ ಕೆಡುತ್ತದೆ ಎಂಬುದು ತಮ್ಮ ಕಚೇರಿಯ ವಾದವಂತೆ. ಮಲಗುವಂತಿಲ್ಲ ಎಂದು ಬರೆಸಲು ಮಾತ್ರ ಮರೆತಿದ್ದೀರಿ. ಹೃದಯಾಘಾತವಾದ ನನ್ನಂಥವರಿಗೆ ಆ ಒಂದು ದಾರಿಯನ್ನಾದರೂ ತೆರೆದಿಟ್ಟ ತಮ್ಮ ಉದಾರತೆಗೆ ನಾನು ಋಣಿ.

ನಾನು ಸಿಟಿ ಬಸ್ಸಿನ ಚಾಲಕ. ಕಳೆದ ವರ್ಷ ಡಿಪೋದಲ್ಲಿ ಬಸ್ಸು ನಿಲ್ಲಿಸಿ ಇಳಿಯುವಾಗ ನನ್ನ ಎದೆಯೂ ನಿಲ್ಲುವ ಆಟ ಹೂಡಿತು. ಆಸ್ಪತ್ರೆಯವರು ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳಿಸಿದರು. ಮನೆಗೆ ಬಂದ ಕೂಡಲೇ ಉಪದೇಶದ ಸುರಿಮಳೆ. ಪಕ್ಕದ ಮನೆಯವರು ಹಾಸಿಗೆ ಬಿಟ್ಟು ಅಲುಗಬೇಡಿ ಎಂದರು. ಏಣಿ ಹತ್ತಲೂ ಹೆದರುವ ನನ್ನ ಭಾವ, ಹೃದಯ ಅಂದರೆ ಸ್ನಾಯು, ಓಡಿದರೆ ಗಟ್ಟಿಯಾಗುತ್ತದೆ ಎಂದ. ಇಬ್ಬರ ಮಾತನ್ನೂ ಗಂಟು ಕಟ್ಟಿ ಆಚೆ ಎಸೆಯಿರಿ ಎಂದವರು ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಮೇಡಂ.

ಡಿಪೋದಿಂದ ಬಸ್ಸನ್ನು ಹೇಗೆ ತೆಗೀತೀರಿ ಎಂದು ಅವರು ಕೇಳಿದರು. ಮೊದಲನೇ ಗೇರಿನಲ್ಲಿ ಎಂದೆ. ನಡಿಗೆಯೂ ಹಾಗೇ ಶುರುವಾಗಬೇಕು, ಮುಗಿಸುವಾಗಲೂ ಒಮ್ಮೆಗೇ ಬ್ರೇಕ್ ಒತ್ತಬಾರದು ಎಂದರು. ವೇಗಕ್ಕೆ ಅವರು ಕೊಟ್ಟ ಮೀಟರು ಬಾಯಿ. ಏದುಸಿರಿಲ್ಲದೆ ಒಂದು ಪೂರ್ತಿ ವಾಕ್ಯ ಆಡಲು ಬಂದರೆ ಸರಿ, ಮಾತು ತುಂಡಾದರೆ ನಿಧಾನಿಸಬೇಕು. ಎದೆ ಹಿಡಿದರೆ ಅಲ್ಲಿಗೇ ಮುಗಿಸಿ, ಕೂತು, ಅವರು ಬರೆದುಕೊಟ್ಟ ಮಾತ್ರೆಯನ್ನು ನಾಲಿಗೆಯಡಿ ಇಡಬೇಕು. ಕೂತೇ ಇಡಬೇಕು, ಇಲ್ಲವಾದರೆ ತಲೆ ಸುತ್ತಿ ಬೀಳಬಹುದು. ಬೇಗ ಕಡಿಮೆಯಾಗದಿದ್ದರೆ ಆಂಬುಲೆನ್ಸ್ ಕರೆಸಬೇಕು. ಕೂರುವುದೂ ಚಿಕಿತ್ಸೆಯ ಒಂದು ಭಾಗ ಎಂಬುದನ್ನು ತಾವು ಇಲ್ಲಿ ಗಮನಿಸಬೇಕು.

ಹೀಗೆ ನನ್ನನ್ನು ಮಾತಾಡಿಸುವ ಕೆಲಸ ನನ್ನ ಹೆಂಡತಿಯ ಪಾಲಿಗೆ ಬಂತು. ಮಾನ್ಯರೇ, ಬಸ್ಸಿನಲ್ಲಿ ಚಾಲಕರೊಂದಿಗೆ ಮಾತನಾಡಬೇಡಿ ಎಂಬ ಫಲಕವಿರುತ್ತದೆ. ನಾನು ಆ ಫಲಕವನ್ನು ಮನೆಗೂ ತಂದವನು. ಮದುವೆಯಾದಾಗಿನಿಂದ ಅವಳು ಏನು ಕೇಳಿದರೂ ನನ್ನ ಉತ್ತರ ‘ಹೂಂ’. ಪಾರ್ಕಿನಲ್ಲೂ ಅವಳು ಕೇಳಿದಳು, ನಾನು ಹೂಂ ಎಂದೆ. ಇದು ಉಸಿರು ಸಾಲದ ಹೂಂ ಆಗಿತ್ತೋ, ಹುಟ್ಟುಗುಣದ ಹೂಂ ಆಗಿತ್ತೋ ಅವಳಿಗೆ ಗೊತ್ತಾಗದೆ ಮೊದಲ ದಿನವೇ ಎರಡು ಸಲ ಗಾಬರಿಬಿದ್ದಳು. ಆಮೇಲೆ ಒಂದು ಕಾನೂನು ಮಾಡಿದಳು: ಹೂಂ ಲೆಕ್ಕಕ್ಕಿಲ್ಲ.

ಬೇರೆ ದಾರಿಯಿಲ್ಲದೆ ನಾನು ಬಾಯಿ ಬಿಟ್ಟೆ. ಸಿಗ್ನಲ್ಲಿನಲ್ಲಿ ಹಾಡುವ ಪ್ರಯಾಣಿಕನ ಬಗ್ಗೆ ಹೇಳಿದೆ, ಕ್ಲಚ್ಚಿನ ಬಗ್ಗೆ ಹೇಳಿದೆ, ಆಸ್ಪತ್ರೆಯಲ್ಲಿ ಎಷ್ಟು ಹೆದರಿದ್ದೆ ಎಂಬುದನ್ನೂ ಹೇಳಿಬಿಟ್ಟೆ. ಅವಳು ತನ್ನದನ್ನು ಶುರುಮಾಡಿದಳು. ಚಿಕ್ಕವಳಿದ್ದಾಗ ಈಜು ಕಲಿಯಬೇಕೆಂದು ಯಾರಿಗೂ ಹೇಳದೆ ಒಂದು ದಿನ ಮನೆಯಿಂದ ಹೊರಟಿದ್ದಳಂತೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಇದು ನನಗೆ ಗೊತ್ತೇ ಇರಲಿಲ್ಲ. ಪಾರ್ಕಿನ ಹಿಂದಿನ ತಿರುವಿನಲ್ಲಿ ಏರು ಮುಗಿಯುವ ಕಡೆ ಒಂದು ಬೆಂಚಿತ್ತು. ಎದೆ ಕೇಳಲಿ ಬಿಡಲಿ, ನಾವು ಅಲ್ಲಿ ಕೂತು ಅರ್ಧಕ್ಕೆ ನಿಂತ ಮಾತನ್ನು ಮುಗಿಸಿ ಏಳುತ್ತಿದ್ದೆವು.

ಒಂದು ಬೆಳಿಗ್ಗೆ ಆ ಜಾಗದಲ್ಲಿ ಸಿಮೆಂಟಿನೊಳಗೆ ನಾಲ್ಕು ಬೋಲ್ಟು ಬಿಟ್ಟರೆ ಏನೂ ಇರಲಿಲ್ಲ. ಅದೇ ದಿನ ಏರಿನಲ್ಲಿ ನನ್ನ ಎದೆ ಹಿಡಿಯಿತು. ಹಿಂದಿರುಗೋಣವೆಂದರೆ ತಮ್ಮ ಬಾಣ ಬಿಡದು. ಹೂವಿನ ಪಾತಿಯ ಕಟ್ಟೆಯ ಮೇಲೆ ಇನ್ನೇನು ಕೂರಬೇಕು, ಪಾರ್ಕಿನ ಕಾವಲುಗಾರ ದೂರದಿಂದಲೇ ಎರಡು ಸಲ ಸೀಟಿ ಊದಿದ. ತಮಗೆ ಬಸ್ಸಿನ ಅಭ್ಯಾಸವಿಲ್ಲ, ಆದ್ದರಿಂದ ವಿವರಿಸುತ್ತೇನೆ. ಕಂಡಕ್ಟರು ಎರಡು ಸಲ ಸೀಟಿ ಊದಿದರೆ ಚಾಲಕ ಬಸ್ಸು ಬಿಡಬೇಕು. ನನ್ನ ಇಡೀ ಸರ್ವಿಸು ನಾನು ಪಾಲಿಸಿದ್ದು ಇದನ್ನೇ. ಸೀಟಿ ಕೇಳಿದ್ದೇ ತಡ, ಎದೆಯಲ್ಲಿ ನೋವಿಟ್ಟುಕೊಂಡೇ ನನ್ನ ಕಾಲುಗಳು ಮುಂದಕ್ಕೆ ಹೊರಟುಬಿಟ್ಟವು.

ಏನಾಯ್ತು ಎಂದು ಹೆಂಡತಿ ಕೇಳಿದಳು. ಹೂಂ ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ದಾರಿಯ ನಟ್ಟನಡುವೆ ತಾನೇ ಕೂತುಬಿಟ್ಟು ನನ್ನ ಅಂಗಿ ಹಿಡಿದು ಕೆಳಕ್ಕೆಳೆದಳು. ಮಾತ್ರೆ ನಾಲಿಗೆಯಡಿ ಸೇರಿತು. ತಮ್ಮ ಆರೋಗ್ಯವಂತ ನಾಗರಿಕರು ನಮ್ಮನ್ನು ಸುತ್ತುಹಾಕಿಕೊಂಡು ಬಿರಬಿರನೆ ನಡೆದರು. ಕಾವಲುಗಾರ ಓಡಿ ಬಂದ.

“ಅಮ್ಮಾ, ಇಲ್ಲಿ ಕೂರೋ ಹಾಗಿಲ್ಲ.”

“ಇವರು ಕೂತಿಲ್ಲಪ್ಪ, ಜೀವ ಉಳಿಸ್ಕೋತಿದ್ದಾರೆ. ಅದು ಮುಗಿದ ಮೇಲೆ ಏಳ್ತೀವಿ.”

ಅವನು ಸೀಟಿಯನ್ನು ಜೇಬಿಗೆ ಹಾಕಿಕೊಂಡು, ಆಂಬುಲೆನ್ಸಿಗೆಂದು ಫೋನು ಕೈಯಲ್ಲಿ ಹಿಡಿದು, ನನಗೆ ಬಿಸಿಲು ತಾಗದಂತೆ ನಿಂತ. ಅವನ ಪ್ಲಾಸ್ಟಿಕ್ ಕುರ್ಚಿಯನ್ನೂ ತಮ್ಮವರೇ ಒಯ್ದರೆಂದು ಆಗಲೇ ಗೊತ್ತಾಯಿತು. ನೋವು ಬೇಗನೆ ಇಳಿಯಿತು. ಆದರೂ ನೇರ ಆಸ್ಪತ್ರೆಗೆ ಹೋದೆವು. ಹೊಸ ಹಾನಿಯೇನೂ ಇಲ್ಲ, ಇನ್ನೂ ನಿಧಾನವಾಗಿ ನಡೆಯಿರಿ, ಕೂರಲು ಜಾಗ ಇರುವ ಕಡೆ ನಡೆಯಿರಿ ಎಂದರು ಮೇಡಂ. ಆ ಜಾಗ ಎಲ್ಲಿದೆ ಎಂದು ತಾವು ಹೇಳುತ್ತೀರಾ? ನಮ್ಮ ಫುಟ್‌ಪಾತಿನಲ್ಲಿ ಸ್ಕೂಟರುಗಳು ವಿಶ್ರಾಂತಿ ಪಡೆಯುತ್ತವೆ. ಅವುಗಳಿಗೆ ಯಾರೂ ಸೀಟಿ ಊದುವುದಿಲ್ಲ.

ಈಗ ನಾನು ಮನೆಯೊಳಗೆ ಟಿವಿಯಿಂದ ಫ್ರಿಜ್ಜಿನವರೆಗೆ ನಡೆಯುತ್ತೇನೆ. ಹೊರಗೆ ಕರೆದೊಯ್ಯಲು ಹೆಂಡತಿಗೆ ಭಯ. ನನಗೂ ಭಯವೇ, ಸುಳ್ಳೇಕೆ ಹೇಳಲಿ? ಫ್ರಿಜ್ಜಿನವರೆಗೆ ಹೋಗಿಬರಲು ಮಾತಾಡುವ ಅಗತ್ಯ ಬೀಳುವುದಿಲ್ಲ. ಒಳಗಿನಿಂದ ಅವಳು ಏನಾದರೂ ಕೇಳುತ್ತಾಳೆ, ನಾನು ಹೂಂ ಎನ್ನುತ್ತೇನೆ. ಈಚೆಗೆ ಅವಳು ಕೇಳುವುದನ್ನೂ ಕಡಿಮೆ ಮಾಡಿದ್ದಾಳೆ.

ಆದ್ದರಿಂದ ನನ್ನ ಬೇಡಿಕೆಯನ್ನು ಮತ್ತೆ ಹೇಳುತ್ತೇನೆ. ಬೆಂಚುಗಳನ್ನು ವಾಪಸು ಕೊಡಿ. ಎಲ್ಲವನ್ನೂ ಕೊಡಲು ಕೈ ಬಾರದಿದ್ದರೆ ಹಿಂದಿನ ತಿರುವಿನದನ್ನಾದರೂ ಕೊಡಿ. ಬೋಲ್ಟುಗಳು ಇನ್ನೂ ಅಲ್ಲೇ ಇವೆ. ಬಾಣ ಅಳಿಸಿ, ಕಾವಲುಗಾರನ ಕುರ್ಚಿ ಅವನಿಗೆ ಕೊಡಿ. ಈಜು ಕಲಿಯಲೆಂದು ಮನೆಯಿಂದ ಹೊರಟ ಹುಡುಗಿ ನೀರಿಗಿಳಿದಳೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ. ಅದನ್ನು ಅವಳು ಆ ಬೆಂಚಿನ ಮೇಲೆ ಹೇಳುವವಳಿದ್ದಳು.

ಇಂತಿ,
ಸೀಟಿ ಕೇಳಿದರೆ ಹೊರಟುಬಿಡುವ, ಸದ್ಯ ಕೂರಲು ಜಾಗ ಹುಡುಕುತ್ತಿರುವ
ಒಬ್ಬ ಬಸ್ ಚಾಲಕ

(ಪತ್ರವನ್ನು ಹೆಂಡತಿಗೆ ಓದಿ ಹೇಳಿ, ಸರಿಯಾಗಿದೆಯಾ ಎಂದು ಕೇಳಿದೆ. ‘ಹೂಂ’ ಎಂದಳು.)