ಹಸಿರು ಟ್ಯಾಂಕ್

ಅಣ್ಣಾ,

ನಿನ್ನೆ ಭದ್ರಾವತಿಗೆ ಹೋಗಿದ್ದೆ. ನೀನು ಮದುವೆಯಾಗಬೇಕೆಂದಿದ್ದ ಸೆಲ್ವಿ ಫೋನ್ ಮಾಡಿದ್ದಳು. "ಕ್ವಾರ್ಟರ್ಸ್ ಖಾಲಿ ಮಾಡ್ತಿದ್ದೀನಿ. ಅವ್ರ ವಿಡಿಯೋ ಗೇಮ್ ಇಲ್ಲೇ ಇದೆ, ತಗೊಂಡು ಹೋಗಮ್ಮಾ" ಎಂದಳು.

ನಿನ್ನನ್ನು ಮಣ್ಣು ಮಾಡಿದ ದಿನ ಅವಳು ನಮ್ಮ ಗೇಟಿನ ಹೊರಗೆ ನಿಂತಿದ್ದಳು. ಅಪ್ಪ ಒಳಗೆ ಕರೆಯಲಿಲ್ಲ. ಆಮೇಲೆ ಮನೆಯಲ್ಲಿ ಅವಳ ಹೆಸರೇ ಬರಲಿಲ್ಲ.

ಅದು ಶಿವಮೊಗ್ಗದ ಮನೆಯಲ್ಲಿ ನಾವಿಬ್ಬರೂ ಆಡುತ್ತಿದ್ದ ಟ್ಯಾಂಕ್ ಆಟವೇ. ಕೆಟ್ಟುಹೋಯಿತೆಂದು ನನಗೆ ಹೇಳಿದ್ದೆಯಲ್ಲ!

"ಓಡುತ್ತಾ ಅಂತ ನೋಡ್ಕೊಂಡೇ ತಗೊಂಡು ಹೋಗು" ಎಂದು ಸೆಲ್ವಿ ಅದನ್ನು ಹಳೇ ಟಿವಿಗೆ ಸಿಕ್ಕಿಸಿ, ನನಗೊಂದು ರಿಮೋಟ್ ಕೊಟ್ಟು ಪಕ್ಕದಲ್ಲೇ ಕೂತಳು. ನನ್ನದು ಹಳದಿ ಟ್ಯಾಂಕ್, ಅವಳದು ಹಸಿರು. ನಾನು ಮುಂದೆ ನುಗ್ಗಿದೆ. ಹಸಿರು ಟ್ಯಾಂಕ್ ಮಾತ್ರ ನಾವು ಕಾಪಾಡಬೇಕಾದ ಹದ್ದಿನ ಚಿತ್ರದ ಪಕ್ಕ ಬಿಟ್ಟು ಕದಲಲಿಲ್ಲ. ಇಟ್ಟಿಗೆ ಗೋಡೆಯಲ್ಲಿ ಒಂದು ಕಿಂಡಿ ಕೊರೆದುಕೊಂಡು, ಶತ್ರು ಎದುರಿಗೆ ಬರುವವರೆಗೂ ಕಾಯಿತು. ಹೊಡೆದ ಮೇಲೆ ಎಡಕ್ಕೂ ಬಲಕ್ಕೂ ಕುಣಿಯಿತು. ಹಾಗೆ ಕುಣಿಸುತ್ತಿದ್ದವನು ನೀನೊಬ್ಬನೇ.

"ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಆಗ ನಂದು ಹಳದಿ ಇತ್ತು. ಅವ್ರು ಹೋದ್ಮೇಲೆ ಹಸಿರು ಹಿಡಿದೆ. ಒಬ್ಳೇ ಇದ್ರೂ ಇಬ್ಬರ ಆಟಾನೇ ಹಾಕ್ಕೊಳ್ಳೋದು."

ಸಂಜೆಯವರೆಗೂ ಆಡಿದೆವು. ಒಮ್ಮೆಯೂ ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ. ಪರದೆಯನ್ನಷ್ಟೇ ನೋಡುತ್ತಿದ್ದರೆ ನೀನೇ ಕೂತಿದ್ದ ಹಾಗಿತ್ತು.

ಆಟವನ್ನು ತರಲಿಲ್ಲ. ಬಾಗಿಲಲ್ಲಿ "ಬರ್ತೀನಿ ಅತ್ತಿಗೆ" ಎಂದೆ. ನಾನು ರಸ್ತೆ ಮುಟ್ಟುವಷ್ಟರಲ್ಲಿ ಒಳಗೆ ಮತ್ತೆ ಆಟ ಶುರುವಾದ ಸದ್ದು ಕೇಳಿಸಿತು.