ಗೂಗಿ ಬರುವ ಹೊತ್ತಿಗೆ ನಿನ್ನ ತಮ್ಮ ಬರುವುದಿಲ್ಲ

ನನ್ನಾಕಿ ಶಾಂತಾಳಿಗೆ,

...ಇಷ್ಟು ಹೇಳಿದರೂ ನಿನ್ನ ತಮ್ಮ ಬಸವರಾಜನ ತಲೆಗೆ ಹೋಗಲಿಲ್ಲ. ನಿನ್ನೆಯ ಕಾಗದ ಎಲ್ಲಿಗೆ ಬಿಟ್ಟಿದ್ದೆ? ಹಾಂ, ಇಲಿ. ಮಳಗಿಯ ನಿನ್ನ ತವರಿನ ಗದ್ದೆಯಲ್ಲಿ ಭತ್ತ ತೆನೆ ಕಟ್ಟಿದೆ. ಇಲಿಗಳು ಬುಡದಲ್ಲೇ ಕತ್ತರಿಸಿ ಹಾಕುತ್ತಿವೆ. ನಾಳೆ ಬೆಳಿಗ್ಗೆ ಬಸವರಾಜ ವಿಷ ಇಡುತ್ತಾನಂತೆ. ವಿಷ ತಿಂದ ಇಲಿಯನ್ನು ಗೂಗಿ ತಿಂದರೆ ಆ ಗೂಬೆಯೂ ಸಾಯುತ್ತದೆ. ಆಮೇಲೆ ಇಲಿ ಹಿಡಿಯುವವರು ಯಾರು, ಇವನೋ?

ಒಮ್ಮೆ ಬದುವಿನ ಮೇಲೆ ಬುತ್ತಿ ಬಿಚ್ಚುತ್ತ ನೀನು ಹದ್ದು ತೋರಿಸಿ ಅಂದಿದ್ದೆ, "ಅದಕ್ಕೂ ಊಟದ ಹೊತ್ತು ಗೊತ್ತೈತ್ರಿ, ನಿಮಗ ಗೊತ್ತಿಲ್ಲ." ಸುಳ್ಳಲ್ಲ. ಇಲಿ ಹೊರಬೀಳುವ ಹೊತ್ತೇ ಬೇಟೆಯ ಹೊತ್ತು. ಗದ್ದೆಯ ಇಲಿ ಮುಸ್ಸಂಜೆಗೆ ಬಿಲ ಬಿಡುತ್ತದೆ, ಗೂಗಿಯೂ ಆಗಲೇ ಏಳುತ್ತದೆ. ರಾತ್ರಿ ತಿರುಗುವ ಇಂಥ ಜೀವಿಗಳಿಗೆ ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಶಬ್ದ ಕಲಿಸಿದ್ದರು, 'ನಾಕ್ಟರ್ನಲ್' ಎಂದೋ ಏನೋ... ಇರಲಿ. ಗೂಗಿ ಕೂರಲೆಂದು ಗದ್ದೆಯ ನಡುವೆ ಕವಲುಕೋಲು ನೆಟ್ಟಿದ್ದೇನೆ.

ಮೊನ್ನೆ ಬಸವರಾಜ ಗೂಗಿಯ ಪರೀಕ್ಷೆ ಮಾಡಲು ಬಂದ. ಯಾವಾಗ? ಮಟಮಟ ಮಧ್ಯಾಹ್ನ.

"ಎಲ್ಲೈತ್ರಿ ಮಾಮಾ ನಿಮ್ಮ ವಾಚ್‌ಮನ್?"

"ಇಲಿ ಮಲಗಿದಾಗ ಅದ್ಯಾಕ ಬರ್ತೈತೊ? ಸಂಜಿಮುಂದ ಬಾ."

"ದೀಪ ಹಚ್ಚೂ ಹೊತ್ತಿಗೆ ಗೂಗಿ ಮಾರಿ ನಾ ನೋಡಂಗಿಲ್ಲ. ಅಕ್ಕ ಹೋಗಿ ವರ್ಷ ಆಗಿಲ್ಲ, ನೀವು ಗೂಗಿ ಕರ್ಸಾಕ ಹತ್ತೀರಿ."

ನಿನ್ನನ್ನು ಒಯ್ದದ್ದು ಜ್ವರ, ಗೂಗಿಯಲ್ಲ. ಪ್ರೂಫ್ ಬೇಕು ಅನ್ನುತ್ತಾನೆ, ಪ್ರೂಫ್ ಬರುವ ಹೊತ್ತಿಗೆ ಕಣ್ಣು ಮುಚ್ಚುತ್ತಾನೆ. ಇಂಥವನೊಡನೆ ನೀನು ಹೆಂಗೆ ಬೆಳೆದೆ?

ಇವತ್ತು ರಟ್ಟೆ ಹಿಡಿದು ಎಳೆದು ತಂದಿದ್ದೇನೆ. ನಾನು ಬದುವಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅವನು ಗದ್ದೆಗೆ ಬೆನ್ನು ಹಾಕಿ, ಮುಖಕ್ಕೆ ಟವೆಲ್ ಹಿಡಿದು ನಿಂತಿದ್ದಾನೆ. ಇದು ಸಾಕ್ಷಿ ನೋಡುವ ರೀತಿಯೇ?

ಈಗ ಕೋಲಿನ ಮೇಲೆ ಬೆಳ್ಳಗೆ ಏನೋ ಬಂದು ಕೂತಿತು. ರೆಕ್ಕೆಯ ಸದ್ದೇ ಇಲ್ಲ. ಎರಗಿತು. ಭತ್ತದೊಳಗೆ ಚೀಂ ಎಂದದ್ದು ಅಲ್ಲೇ ನಿಂತಿತು.

"ಹಿಡೀತೇನ್ರಿ?" ತಿರುಗದೆಯೇ ಕೇಳಿದ.

"ನೀನ ನೋಡು."

"ಒಲ್ಲೆ. ಹೇಳ್ರಿ."

"ಹಿಡೀತು."

ಟವೆಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಮತ್ತೊಮ್ಮೆ ಚೀಂ ಅಂದಿತು. "ಆತು, ಗದ್ದಿ ಕೊಯ್ಯೂತನ ವಿಷ ಇಡಂಗಿಲ್ಲ. ಆದ್ರ ನಾ ಏನೂ ನೋಡಿಲ್ಲ ಮತ್ತ. ಊರಾಗ ಹೇಳಬ್ಯಾಡ್ರಿ."

ಊರಿಗೆ ಹೇಳುವುದಿಲ್ಲ, ನಿನಗೆ ಹೇಳಿದೆ. ಕೋಲು ನೆಡಲು ಮೊದಲೇ ಒಪ್ಪಿದ್ದರೆ ಆ ಕೆಳಗಿನ ಮಡಿಯ ಭತ್ತವಾದರೂ ಇಲಿಗಳಿಂದ ಉಳಿಯುತ್ತಿತ್ತು, ಮೊಂಡ, ಥೇಟ್ ನಿನ್ನ ಹಾಗೆ... ಅಕ್ಷರ ಕಾಣುತ್ತಿಲ್ಲ ಶಾಂತಾ, ಬೆಳಕು